ಪಚ್ಚೆ ಕಿತ್ತ ಕಿರೀಟ

ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಂದರಲ್ಲಿ, ಹಣೆಯ ಮೇಲೆ ಕೂರುವ ಅರೆಕಿರೀಟವೊಂದಿದೆ. ಬಳ್ಳಿಯಂತೆ ಸುತ್ತಿಕೊಂಡ ಕುಸುರಿ, ಅದರ ತುಂಬ ಸಾವಿರಕ್ಕೂ ಹೆಚ್ಚು ವಜ್ರಗಳು, ನಡುನಡುವೆ ತಿಳಿನೀಲಿಯ 79 ಫಿರೋಜಾ ಹರಳುಗಳು. ನೋಡಿದವರು ಚೆಂದವಿದೆ ಎಂದೇ ಹೇಳುತ್ತಾರೆ. ಆದರೆ ಆ ನೀಲಿ ಅದರ ಹುಟ್ಟುಬಣ್ಣವಲ್ಲ.

1810ರಲ್ಲಿ ನೆಪೋಲಿಯನ್ ಆಸ್ಟ್ರಿಯಾದ ರಾಜಕುಮಾರಿ ಮರಿ-ಲೂಯಿಸ್‌ಳನ್ನು ಮದುವೆಯಾದಾಗ ಪ್ಯಾರಿಸ್‌ನ ನಿತೋ ಮನೆತನದ ಅಕ್ಕಸಾಲಿಗರು ಅವಳಿಗಾಗಿ ಪಚ್ಚೆಯ ಒಡವೆಗಳ ಒಂದು ಜೊತೆ ಮಾಡಿಕೊಟ್ಟರು. ಈ ಅರೆಕಿರೀಟ, ಒಂದು ಹಾರ, ಎರಡು ಓಲೆ, ಒಂದು ಬಾಚಣಿಗೆ. ರಾಣಿ ತೀರಿಕೊಂಡ ಮೇಲೆ ಅವು ಆಕೆಯ ತವರಿನವರಾದ ಹ್ಯಾಬ್ಸ್‌ಬರ್ಗ್ ಮನೆತನದಲ್ಲಿ ನೂರು ವರ್ಷ ಸುರಕ್ಷಿತವಾಗಿದ್ದವು. 1953ರಲ್ಲಿ ಅವು ವ್ಯಾನ್ ಕ್ಲೀಫ್ ಅಂಡ್ ಆರ್ಪೆಲ್ಸ್ ಎಂಬ ಆಭರಣ ಸಂಸ್ಥೆಗೆ ಮಾರಾಟವಾದವು. ಅರೆಕಿರೀಟದ ಪಚ್ಚೆಗಳನ್ನು ಒಂದೊಂದಾಗಿ ಕಿತ್ತು, ಬೇರೆ ಬೇರೆ ಒಡವೆಗಳಿಗೆ ಕೂರಿಸಿ, ನೆಪೋಲಿಯನ್ ಕಿರೀಟದ ಪಚ್ಚೆ ಎಂಬ ಹೆಸರಿನ ಮೇಲೆ ಮಾರಿದರು. ಉಳಿದ ಗುಳಿಗಳಿಗೆ ಕೆಲವು ವರ್ಷಗಳ ನಂತರ ಫಿರೋಜಾ ತುಂಬಿದರು. ಹಾರವನ್ನೂ ಓಲೆಗಳನ್ನೂ ಮಾತ್ರ ಯಾರೂ ಮುಟ್ಟಲಿಲ್ಲ. 32 ಪಚ್ಚೆ, 1,138 ವಜ್ರಗಳ ಆ ಹಾರವನ್ನು ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯ 2004ರಲ್ಲಿ ಕೊಂಡುಕೊಂಡಿತು. ನಿತೋ ಕೂರಿಸಿದ ಹರಳು ನಿತೋ ಕೂರಿಸಿದ ಜಾಗದಲ್ಲೇ ಇತ್ತು.

2025ರ ಅಕ್ಟೋಬರ್ 19ರವರೆಗೆ ಅದು ಅಲ್ಲಿಯೇ ಇತ್ತು.

ಆ ದಿನ ಭಾನುವಾರ, ಬೆಳಿಗ್ಗೆ ಒಂಬತ್ತೂವರೆ. ಸಂಗ್ರಹಾಲಯದ ಬಾಗಿಲು ತೆರೆದು ಜನ ಒಳಗೆ ಬರತೊಡಗಿದ್ದರು. ಮನೆ ಸಾಮಾನನ್ನು ಮೇಲಂತಸ್ತಿಗೆ ಏರಿಸುವ ಯಾಂತ್ರಿಕ ಏಣಿಯ ಟ್ರಕ್ಕೊಂದನ್ನು ಸೆನ್ ನದಿಯ ಕಡೆಯ ಗೋಡೆಗೆ ತಂದು ನಿಲ್ಲಿಸಿದ ಕಳ್ಳರು ಕಿಟಕಿ ಕತ್ತರಿಸಿ ಅಪೊಲೊ ಗ್ಯಾಲರಿಗೆ ನುಗ್ಗಿದರು. ಎಂಟು ನಿಮಿಷ ತುಂಬುವುದರೊಳಗೆ ಎಂಟು ಒಡವೆಗಳೊಂದಿಗೆ ಅವರು ಸ್ಕೂಟರ್ ಹತ್ತಿ ಪರಾರಿಯಾದರು. ಮರಿ-ಲೂಯಿಸ್‌ಳ ಹಾರ ಮತ್ತು ಓಲೆಗಳು ಆ ಎಂಟರಲ್ಲಿದ್ದವು. ಕದ್ದ ಮಾಲಿನ ಬೆಲೆ 8.8 ಕೋಟಿ ಯೂರೊ ಎಂದು ಪ್ಯಾರಿಸ್‌ನ ಸರ್ಕಾರಿ ವಕೀಲರು ಹೇಳಿದರು. ಮುಂದಿನ ದಿನಗಳಲ್ಲಿ ಕೆಲವರ ಬಂಧನವಾಯಿತು. ಒಡವೆಗಳು ಮಾತ್ರ ಅವರೊಂದಿಗೆ ಸಿಗಲಿಲ್ಲ.

ಸುದ್ದಿ ಬಂದಾಗ ಜಗತ್ತು ಚರ್ಚಿಸಿದ್ದು ಆ ಬೆಲೆಯನ್ನು, ಎಷ್ಟು ನಿಮಿಷ ಎಂಬುದನ್ನು, ಕಾವಲು ಎಷ್ಟು ಸಡಿಲವಿತ್ತು ಎಂಬುದನ್ನು. ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಹಳೆಯ ಒಡವೆಯನ್ನು ಪ್ರೀತಿಯಿಂದ ನೋಡಿದವರಿಗೆ ಎದೆ ಹಿಂಡಿದ್ದು ಬೇರೆಯೇ ಒಂದು ಭಯ. ಇಷ್ಟು ಪ್ರಸಿದ್ಧವಾದ ವಸ್ತುವನ್ನು ಇದ್ದಂತೆಯೇ ಯಾರೂ ಕೊಳ್ಳಲಾರರು. ಕಳ್ಳನಿಗೆ ಲಾಭವಾಗಬೇಕೆಂದರೆ ಅದನ್ನು ಒಡೆಯಬೇಕು. ಚಿನ್ನ ಕರಗಬೇಕು, ಹರಳು ಬಿಡಿಯಾಗಬೇಕು, ದೊಡ್ಡ ಹರಳಿನ ಗುರುತು ಸಿಗದಂತೆ ಮತ್ತೆ ಸಾಣೆ ಹಿಡಿಯಬೇಕು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅಜ್ಜಿಯ ಅಡ್ಡಿಕೆಯನ್ನು ಕರಗಿಸಿ ಮೊಮ್ಮಗಳಿಗೆ ಬಳೆ ಮಾಡಿಸುತ್ತಾರೆ. ತೂಕ ಬಹುಪಾಲು ಉಳಿಯುತ್ತದೆ, ಗ್ರಾಂ ಲೆಕ್ಕದಲ್ಲಿ ಹೆಚ್ಚಿನ ನಷ್ಟವಿಲ್ಲ. ಅಜ್ಜಿಯ ಕೊರಳಿನ ಗುರುತು ಮಾತ್ರ ಹೋಗಿರುತ್ತದೆ. ಲೂವ್ರ್‌ನ ಎಂಟು ಒಡವೆಗಳಿಗೆ ಒದಗಿರುವ ಅಪಾಯವೂ ಅದೇ. ಅಲ್ಲಿ ಹೋಗುವುದು ಒಂದು ದೇಶದ ನೆನಪು.

ರಾಜರ ಒಡವೆಗಳನ್ನು ಕಂಡು ಬೆರಗಾಗುವುದು ಪ್ರಜಾಪ್ರಭುತ್ವದಲ್ಲಿ ಬದುಕುವವರಿಗೆ ತಕ್ಕುದೇ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಹಸಿದವರ ತೆರಿಗೆಯಿಂದ ಕೊಂಡ ವಜ್ರಕ್ಕೆ ಮರುಳಾಗುವುದೇಕೆ ಎಂಬ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಇವುಗಳನ್ನು ಕಣ್ಣು ತುಂಬ ನೋಡಬೇಕು. ರಾಜ ಹೋದ ಮೇಲೆ ಇವು ಜನರ ಸೊತ್ತು; ಜನರ ಸೊತ್ತನ್ನು ಇಡಿಯಾಗಿ ಉಳಿಸಿ, ಗಣಿಯಿಂದ ಗಾಜಿನ ಪೆಟ್ಟಿಗೆಯವರೆಗಿನ ಕಥೆಯ ಸಮೇತ ತೋರಿಸುವುದು ಗಣರಾಜ್ಯದ ಕೆಲಸ. ಫ್ರಾನ್ಸ್ ಈ ಕೆಲಸದಲ್ಲಿ ಒಮ್ಮೆ ಘೋರವಾಗಿ ಎಡವಿದೆ. ಆ ಎಡವಟ್ಟಿನಲ್ಲಿ ಕಳ್ಳರ ಕೈವಾಡವಿರಲಿಲ್ಲ, ಸಂಸತ್ತಿನ ಕೈವಾಡವಿತ್ತು.

ಕಥೆ ಶುರುವಾಗುವುದು 1530ರಲ್ಲಿ. ಒಂದನೇ ಫ್ರಾನ್ಸಿಸ್ ತನ್ನ ಬಳಿಯಿದ್ದ ಎಂಟು ಒಡವೆಗಳನ್ನು ಆರಿಸಿ, ಇವು ತನ್ನವಲ್ಲ, ಸಿಂಹಾಸನದವು ಎಂದು ಆಜ್ಞೆ ಹೊರಡಿಸಿದ. ಮುಂದೆ ಬರುವ ಯಾವ ರಾಜನೂ ಅವುಗಳನ್ನು ಮಾರುವಂತಿಲ್ಲ, ಮಕ್ಕಳಿಗೆ ಹಂಚುವಂತಿಲ್ಲ. ಕೈ ಬದಲಾದಾಗಲೆಲ್ಲ ಅವುಗಳ ತೂಕ, ಚಿತ್ರ ಎಲ್ಲವನ್ನೂ ತಾಳೆ ನೋಡಬೇಕು. ರಾಣಿ ತೊಡಬಹುದು, ಒಡತಿಯಾಗಲಾರಳು. ತೊಡುವವರ ಆಸ್ತಿಯೇ ಅಲ್ಲದ ಒಡವೆ ಎಂಬ ಈ ಕಲ್ಪನೆಯನ್ನು ಕೊಟ್ಟವನು ಸ್ವತಃ ರಾಜನೇ ಎಂಬುದನ್ನು ಗಮನಿಸಬೇಕು. ಆ ಮೊದಲ ಎಂಟರಲ್ಲಿ ಇಂದು ಉಳಿದಿರುವುದು ಒಂದೇ: ಕೋತ್ ದ ಬ್ರೆತಾಞ್ ಎಂಬ ಕೆಂಪು ಸ್ಪಿನೆಲ್ ಹರಳು. ಹದಿನೈದನೇ ಲೂಯಿಯ ಕಾಲದಲ್ಲಿ ಅದನ್ನು ಡ್ರ್ಯಾಗನ್ ಆಕಾರಕ್ಕೆ ಕೊರೆದರು. ನೂರೇಳು ಕ್ಯಾರೆಟ್ ಮೀರಿದ ಆ ಕೆಂಪು ಹರಳು ಈಗಲೂ ಲೂವ್ರ್‌ನದೇ.

ಮುಂದಿನ ಇನ್ನೂರು ವರ್ಷಗಳಲ್ಲಿ ಈ ಭಂಡಾರ ಬೆಳೆದದ್ದು ಬಹುಮಟ್ಟಿಗೆ ದಕ್ಷಿಣ ಭಾರತದ ಮಣ್ಣಿನಿಂದ. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೆ ಯುರೋಪಿನ ಆಸ್ಥಾನಗಳಲ್ಲಿ ಹೊಳೆದ ವಜ್ರವೆಲ್ಲ ಹೆಚ್ಚು ಕಡಿಮೆ ಇಲ್ಲಿಂದಲೇ ಹೋದದ್ದು. ಫ್ರೆಂಚ್ ವ್ಯಾಪಾರಿ ಜ್ಯಾಂ-ಬ್ಯಾಪ್ತೀಸ್ತ್ ತಾವೆರ್ನಿಯೆ ಹದಿನೇಳನೇ ಶತಮಾನದಲ್ಲಿ ಮತ್ತೆ ಮತ್ತೆ ಭಾರತಕ್ಕೆ ಬಂದು, ಗಣಿಗಳಿಗೆ ಖುದ್ದಾಗಿ ಹೋಗಿ, ಕಂಡದ್ದನ್ನು ಬರೆದಿಟ್ಟ. ಅವನು ಮೊದಲು ನೋಡಿದ ಗಣಿ ರಾವೊಲ್ಕೊಂಡ. ಅದು ಬಿಜಾಪುರದ ಸುಲ್ತಾನನ ರಾಜ್ಯದಲ್ಲಿ, ಕರ್ನಾಟಕ ಎಂಬ ಪ್ರಾಂತ್ಯದಲ್ಲಿತ್ತೆಂದೂ ಬಿಜಾಪುರದಿಂದ ಎಂಟೊಂಬತ್ತು ದಿನಗಳ ಹಾದಿಯೆಂದೂ ಅವನೇ ಹೇಳುತ್ತಾನೆ. ಕೆಲಸ ಬಲ್ಲ ಗಣಿ ಆಳಿಗೆ ಅಲ್ಲಿ ವರ್ಷಕ್ಕೆ ಸಿಗುತ್ತಿದ್ದದ್ದು ಮೂರು ಪಗೋಡ ಎಂದೂ ಬರೆದಿದ್ದಾನೆ. ಯುರೋಪಿನವರು ಪಗೋಡ ಎಂದು ಕರೆದದ್ದು ವಿಜಯನಗರದ ಕಾಲದಿಂದ ಕನ್ನಡಿಗರಿಗೆ ಗೊತ್ತಿರುವ ವರಹವನ್ನೇ. ವರ್ಷವಿಡೀ ಬಗ್ಗಿ ಅಗೆದರೆ ಮೂರು ವರಹ.

ಈ ಮೂರನ್ನು ನೆನಪಿನಲ್ಲಿಟ್ಟುಕೊಂಡು ರೀಜೆಂಟ್ ವಜ್ರದ ಬಳಿಗೆ ಬರಬೇಕು. 1698ರಲ್ಲಿ ಕೃಷ್ಣಾ ನದಿಯ ದಡದ ಕೊಲ್ಲೂರು ಗಣಿಯಲ್ಲಿ ಅದು ಸಿಕ್ಕಿತು. ಮೂಕಾಂಬಿಕೆಯ ಕೊಲ್ಲೂರಲ್ಲ, ಈಗ ಆಂಧ್ರಪ್ರದೇಶಕ್ಕೆ ಸೇರಿದ ಕೊಲ್ಲೂರು. ತಾವೆರ್ನಿಯೆ ಹೋಗಿದ್ದಾಗ ಆ ಗಣಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ ಹತ್ತಿರ ಹತ್ತಿರ 60,000 ಮಂದಿ ದುಡಿಯುತ್ತಿದ್ದರು. ಸಿಕ್ಕಾಗ ಕಲ್ಲಿನ ತೂಕ 410 ಕ್ಯಾರೆಟ್. ಅದು ಸಿಕ್ಕಿದ ಆಳು ಕಾಲಿನ ಗಾಯದಲ್ಲಿ ಬಚ್ಚಿಟ್ಟು ಓಡಿದ, ಹಡಗಿನ ಕಪ್ತಾನ ಅವನನ್ನು ಕೊಂದ ಎಂಬ ದಂತಕಥೆಯೊಂದು ಹಬ್ಬಿದೆ. ದಾಖಲೆಯಲ್ಲಿರುವುದು ಮದರಾಸಿನ ಚೌಕಾಸಿ. ಜಮ್‌ಚಂದ್ ಎಂಬ ವಜ್ರದ ವ್ಯಾಪಾರಿ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಥಾಮಸ್ ಪಿಟ್‌ಗೆ ಕಲ್ಲನ್ನು ತೋರಿಸಿ ಎರಡು ಲಕ್ಷ ವರಹ ಕೇಳಿದ. ಹೋಗಿ ಬಂದು, ಇಳಿಸಿ ಏರಿಸಿ, ಕೊನೆಗೆ 48,000 ವರಹಕ್ಕೆ ವ್ಯಾಪಾರ ಕುದುರಿತು. ರಾವೊಲ್ಕೊಂಡದ ಆಳಿನ ಕೂಲಿಯ ಲೆಕ್ಕದಲ್ಲಿ ಅದು ಹದಿನಾರು ಸಾವಿರ ವರ್ಷಗಳ ದುಡಿಮೆ.

ಲಂಡನ್ನಿನಲ್ಲಿ ಎರಡು ವರ್ಷ ಸಾಣೆ ಹಿಡಿದ ಮೇಲೆ ಉಳಿದದ್ದು 140.64 ಕ್ಯಾರೆಟ್. ಕಲ್ಲಿನ ಮೂರರಲ್ಲಿ ಎರಡು ಪಾಲು ಹೋಯಿತು, ಆದರೆ ಉಳಿದ ಪಾಲು ಬೆಳಕನ್ನು ಒಳಗೆ ಎಳೆದುಕೊಂಡು ತಿರುಗಿಸಿ ಎಸೆಯುವ ರೀತಿಗೆ ಯುರೋಪ್ ಬೆಕ್ಕಸಬೆರಗಾಯಿತು. 1717ರಲ್ಲಿ ಬಾಲಕ ಹದಿನೈದನೇ ಲೂಯಿಯ ಪರವಾಗಿ ರಾಜ್ಯವಾಳುತ್ತಿದ್ದ ಒರ್ಲೇಆನ್ಸ್‌ನ ಡ್ಯೂಕ್ ಅದನ್ನು 1,35,000 ಪೌಂಡಿಗೆ ಕೊಂಡ. ರೀಜೆಂಟ್ ಎಂಬ ಹೆಸರು ಅವನ ಪದವಿಯಿಂದ ಬಂದದ್ದು. 1722ರ ಪಟ್ಟಾಭಿಷೇಕದ ಕಿರೀಟದಲ್ಲಿ, ಆಮೇಲೆ ಮರಿ ಆಂತ್ವಾನೆತ್‌ಳ ಟೋಪಿಯಲ್ಲಿ, ಕ್ರಾಂತಿಯ ನಂತರ ಸೈನ್ಯದ ಖರ್ಚಿಗಾಗಿ ಗಿರವಿಯಲ್ಲಿ, ಅಲ್ಲಿಂದ ನೆಪೋಲಿಯನ್ನನ ಕತ್ತಿಯ ಹಿಡಿಕೆಯಲ್ಲಿ ಅದು ಕೂತಿತು. ನೆಪೋಲಿಯನ್ ಆ ಕತ್ತಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಮೆರೆದ ದಿನಗಳಲ್ಲಿ ಅವನ ವಿರುದ್ಧ ಯುದ್ಧ ನಡೆಸುತ್ತಿದ್ದ ಬ್ರಿಟನ್ನಿನ ಪ್ರಧಾನಿ ಕಿರಿಯ ವಿಲಿಯಂ ಪಿಟ್, ಮದರಾಸಿನ ಅದೇ ಥಾಮಸ್ ಪಿಟ್‌ನ ಮರಿಮಗ. 1940ರಲ್ಲಿ ಜರ್ಮನ್ ಸೈನ್ಯ ಬಂದಾಗ ರೀಜೆಂಟನ್ನು ಶಾಂಬೋರ್ ಅರಮನೆಗೆ ಸಾಗಿಸಿ ಬಚ್ಚಿಟ್ಟರು. 2025ರ ಕಳ್ಳರೂ ಅದನ್ನು ಮುಟ್ಟಲಿಲ್ಲ.

ತಾವೆರ್ನಿಯೆ ಹದಿನಾಲ್ಕನೇ ಲೂಯಿಗೆ ಮಾರಿದ ನೀಲಿ ವಜ್ರದ ಗತಿ ಬೇರೆಯಾಯಿತು. 1673ರಲ್ಲಿ ಅದನ್ನು ಕತ್ತರಿಸಿ ಹೊಳಪು ಕೊಟ್ಟಾಗ ಅದು ಫ್ರಾನ್ಸಿನ ಅತಿ ಸುಂದರ ಹರಳಾಗಿತ್ತು. 1792ರ ಸೆಪ್ಟೆಂಬರಿನಲ್ಲಿ, ಕ್ರಾಂತಿಯ ಗಲಭೆಯ ನಡುವೆ, ಈಗಿನ ಕಾಂಕಾರ್ಡ್ ಚೌಕದ ಭಂಡಾರಕ್ಕೆ ಕಳ್ಳರು ಮೊದಲ ಮಹಡಿಯ ಮೂಲಕ ನುಗ್ಗಿದರು. ಒಂದೇ ರಾತ್ರಿಯಲ್ಲ, ರಾತ್ರಿ ಮೇಲೆ ರಾತ್ರಿ ಬಂದು ದೋಚಿದರು. ರೀಜೆಂಟ್ ಮರುವರ್ಷ ಸಿಕ್ಕಿತು. ನೀಲಿ ವಜ್ರ ಸಿಗಲಿಲ್ಲ. ಇಪ್ಪತ್ತು ವರ್ಷಗಳ ನಂತರ, 1812ರಲ್ಲಿ, ಲಂಡನ್ನಿನಲ್ಲಿ ಇನ್ನೂ ಚಿಕ್ಕದಾದ ಒಂದು ನೀಲಿ ವಜ್ರ ಕಾಣಿಸಿಕೊಂಡಿತು. ಇಂದು ಹೋಪ್ ಎಂಬ ಹೆಸರಿನ, 45.52 ಕ್ಯಾರೆಟ್ಟಿನ ಅದು ವಾಷಿಂಗ್ಟನ್ನಿನಲ್ಲಿದೆ, ಫಿರೋಜಾ ಅರೆಕಿರೀಟ ಇರುವ ಸಂಗ್ರಹಾಲಯದಲ್ಲೇ. ಕದ್ದ ವಜ್ರವನ್ನು ಕತ್ತರಿಸಿಯೇ ಇದನ್ನು ಮಾಡಿದ್ದೆಂದು ಖಚಿತವಾಗಿ ಸಾಧಿಸಲು ಪ್ಯಾರಿಸ್‌ನ ಪ್ರಕೃತಿ ಇತಿಹಾಸ ಸಂಗ್ರಹಾಲಯದಲ್ಲಿ 2007ರಲ್ಲಿ ಸಿಕ್ಕ ಹಳೆಯ ಸೀಸದ ಅಚ್ಚು ಬೇಕಾಯಿತು. ಲೂಯಿಯ ಅಕ್ಕಸಾಲಿಗ ಕೊಟ್ಟ ಆಕಾರವನ್ನು ಈಗ ಸೀಸದಲ್ಲಷ್ಟೇ ನೋಡಬಹುದು.

ಕಳ್ಳರು ಒಡೆಯುವುದು ತಿಳಿದದ್ದೇ. 1887ರಲ್ಲಿ ಒಡೆದದ್ದು ಸರ್ಕಾರ.

ಆಗ ಫ್ರಾನ್ಸಿನ ಮೂರನೇ ಗಣರಾಜ್ಯಕ್ಕೆ ಇನ್ನೂ ಹದಿನೇಳು ವರ್ಷ. ರಾಜಪಕ್ಷದವರು ಮರಳಿ ಬಂದಾರು ಎಂಬ ಅಂಜಿಕೆ ಹೋಗಿರಲಿಲ್ಲ. ಬೆಂಜಮಿನ್ ರಾಸ್ಪಾಯ್ ಎಂಬ ಸಂಸದನ ವಾದ ನೇರವಾಗಿತ್ತು: ಕಿರೀಟವೇ ಇಲ್ಲವೆಂದರೆ ರಾಜನಿಗೇನು ಕೆಲಸ? ಮೇ 12ರಿಂದ ಲೂವ್ರ್‌ನಲ್ಲಿಯೇ ಹರಾಜು ನಡೆಯಿತು. ಬಂದ ಹಣ ಸುಮಾರು 72 ಲಕ್ಷ ಫ್ರಾಂಕ್. ನ್ಯೂಯಾರ್ಕಿನ ಟಿಫನಿ ಸಂಸ್ಥೆ ದೊಡ್ಡ ಪಾಲನ್ನು ಬಾಚಿಕೊಂಡಿತು. ಮಾರುವ ಅನುಕೂಲಕ್ಕಾಗಿ ಎಷ್ಟೋ ಆಭರಣಗಳನ್ನು ಮೊದಲೇ ಬಿಡಿಸಿಡಲಾಗಿತ್ತು. ಬೆರ್ತೋ ಎಂಬ ಛಾಯಾಗ್ರಾಹಕ ಹರಾಜಿಗೆ ಮುಂಚೆ ಆ ಒಡವೆಗಳ ಚಿತ್ರ ತೆಗೆದ. ಹಲವು ಒಡವೆಗಳ ಅಖಂಡ ರೂಪಕ್ಕೆ ಇಂದು ಆ ಕಪ್ಪು ಬಿಳುಪಿನ ಚಿತ್ರಗಳೇ ಸಾಕ್ಷಿ.

ರೀಜೆಂಟ್, ಕೋತ್ ದ ಬ್ರೆತಾಞ್, ಒರ್ತೆನ್ಸಿಯಾ ಎಂಬ ನಸುಗುಲಾಬಿ ವಜ್ರ, ಹತ್ತನೇ ಚಾರ್ಲ್ಸ್‌ನ ಪಟ್ಟಾಭಿಷೇಕದ ಕತ್ತಿ ಮತ್ತು ಇನ್ನು ಕೆಲವನ್ನು ಚರಿತ್ರೆಯ ಹೆಸರಿನಲ್ಲಿ ಉಳಿಸಿಕೊಂಡರು. ಆ ಕತ್ತಿ 1976ರ ಡಿಸೆಂಬರಿನಲ್ಲಿ ಅದೇ ಅಪೊಲೊ ಗ್ಯಾಲರಿಯಿಂದ ಕಳುವಾಯಿತು. ಆಗಲೂ ಕಳ್ಳರು ಬಂದದ್ದು ಕಿಟಕಿಯಿಂದ.

ರಾಸ್ಪಾಯ್‌ನ ಅಂಜಿಕೆಯನ್ನು ಆ ಕಾಲದಲ್ಲಿ ನಿಂತು ನೋಡಿದರೆ ಅರ್ಥವಾಗುತ್ತದೆ. ಆದರೆ ಅವನ ಲೆಕ್ಕ ತಪ್ಪಿತ್ತು. ರಾಜಸತ್ತೆ ಫ್ರಾನ್ಸಿಗೆ ಮರಳಲಿಲ್ಲ, ನಿಜ. ಆದರೆ ಅದು ಒಡವೆ ಮಾರಿದ್ದರಿಂದಲ್ಲ. ರೀಜೆಂಟ್ ವಜ್ರ ನೂರಕ್ಕೂ ಹೆಚ್ಚು ವರ್ಷ ಗಾಜಿನೊಳಗೆ ಹೊಳೆದರೂ ಅದನ್ನು ನೋಡಿ ಯಾರೂ ಅರಸನನ್ನು ಬಯಸಲಿಲ್ಲ. ಗಣರಾಜ್ಯ ಆ ಮೇ ತಿಂಗಳಲ್ಲಿ ಮಾರಿದ್ದು ತನ್ನ ಪ್ರಜೆಗಳ ಆಸ್ತಿಯನ್ನು, ಮತ್ತು ಅದರ ದೊಡ್ಡ ಪಾಲು ಸೇರಿದ್ದು ಅಮೆರಿಕದ ಸಿರಿವಂತರನ್ನು. ಮೂರನೇ ನೆಪೋಲಿಯನ್ನನ ಪತ್ನಿ ಸಾಮ್ರಾಜ್ಞಿ ಯೂಜೆನಿಯ ಎದೆಯ ಮೇಲೆ ಬಿಲ್ಲಿನಂತೆ ಕಟ್ಟಿದ್ದ ವಜ್ರದ ದೊಡ್ಡ ಪದಕ ನ್ಯೂಯಾರ್ಕಿನ ಆಸ್ಟರ್ ಮನೆತನದ ಪಾಲಾಯಿತು. ಅದನ್ನು ಮರಳಿ ತರಲು ಲೂವ್ರ್ 2008ರಲ್ಲಿ 67 ಲಕ್ಷ ಯೂರೊ ತೆರಬೇಕಾಯಿತು.

ಮರಳಿ ತರುವ ಈ ಕೆಲಸವೇ ಇಡೀ ಕಥೆಯಲ್ಲಿ ಅತ್ಯಂತ ಮನಸ್ಸಿಗೆ ಹತ್ತಿರವಾದ ಭಾಗ. ಯಾರೋ ಮಾರಿದ್ದನ್ನು ಇನ್ಯಾರೋ ಮೂರು ತಲೆಮಾರಿನ ನಂತರ ಒಂದೊಂದಾಗಿ ಹುಡುಕಿ, ಚಂದಾ ಎತ್ತಿ, ಹರಾಜಿನಲ್ಲಿ ಕೂತು ತಂದರು. 1978ರಲ್ಲಿ ಸಾನ್ಸಿ ವಜ್ರ. 1985ರಲ್ಲಿ ಫ್ರಾನ್ಸಿನ ಕೊನೆಯ ರಾಣಿ ಮರಿ-ಅಮೇಲಿಯ ನೀಲಮಣಿಯ ಒಡವೆಗಳು. 1988ರಲ್ಲಿ ಯೂಜೆನಿಯ ಕಿರೀಟ, ದಾನವಾಗಿ. 1992ರಲ್ಲಿ ಅವಳದೇ ಮುತ್ತಿನ ಅರೆಕಿರೀಟ, ಲೂವ್ರ್‌ನ ಗೆಳೆಯರ ಸಂಘದ ನೆರವಿನಿಂದ. ಅದರಲ್ಲಿ 212 ಮುತ್ತುಗಳು. 2002ರಲ್ಲಿ ಆಂಗುಲೇಮ್‌ನ ಡಚೆಸ್‌ಳ ಪಚ್ಚೆಯ ಅರೆಕಿರೀಟ. ಈ ಡಚೆಸ್ ಹದಿನಾರನೇ ಲೂಯಿ ಮತ್ತು ಮರಿ ಆಂತ್ವಾನೆತ್ ದಂಪತಿಯ ಮಕ್ಕಳಲ್ಲಿ ಕ್ರಾಂತಿಯನ್ನು ದಾಟಿ ಬದುಕುಳಿದ ಒಬ್ಬಳೇ ಮಗಳು. ತಂದೆ ತಾಯಿ ಇಬ್ಬರ ತಲೆಯನ್ನೂ ಗಿಲೊಟಿನ್ ಕತ್ತರಿಸಿತ್ತು. ಸೆರೆಮನೆಯಿಂದ ಹೊರಬಂದು, ದೇಶ ಬಿಟ್ಟು, ಮರಳಿ ಬಂದವಳಿಗೆ ಮಾಡಿಸಿದ ಒಡವೆ ಅದು. 1887ರಲ್ಲಿ ಮಾರಿಹೋದ ಅದನ್ನು ಯಾರೂ ಒಡೆಯಲಿಲ್ಲ. ಅದಕ್ಕಾಗಿಯೇ 115 ವರ್ಷಗಳ ನಂತರ ಮರಳಿ ಬಂದಾಗ ಅದು ಅವಳ ತಲೆಯ ಮೇಲಿದ್ದಂತೆಯೇ ಬಂತು. ಆ ಹಸಿರು ಕಲ್ಲುಗಳ ಮುಂದೆ ನಿಂತವರಿಗೆ ಕಾಣುವುದು ಆ ಹೆಣ್ಣುಮಗಳ ಬದುಕು. ಬಿಡಿ ಪಚ್ಚೆಗಳ ಪೊಟ್ಟಣಕ್ಕೆ ಇದು ಸಾಧ್ಯವಿಲ್ಲ.

ಇಂಥ ಒಡವೆಗಳ ಸುತ್ತ ಮುಚ್ಚಿಡುವ ಚಾಳಿಯೂ ಬೆಳೆದಿದೆ. ಲೂವ್ರ್ ಕಳವಾಗಿ ಒಂದು ತಿಂಗಳೂ ತುಂಬಿರಲಿಲ್ಲ, ಆಸ್ಟ್ರಿಯಾದ ಮಾಜಿ ರಾಜಮನೆತನ ಒಂದು ಗುಟ್ಟು ಹೊರಗೆಡಹಿತು. 1918ರ ನಂತರ ಕಾಣೆಯಾಯಿತೆಂದು ಜಗತ್ತೇ ನಂಬಿದ್ದ, 137 ಕ್ಯಾರೆಟ್ಟಿನ ಹಳದಿ ಫ್ಲಾರೆಂಟೈನ್ ವಜ್ರ ಕೆನಡಾದ ಕ್ವಿಬೆಕ್‌ನ ಬ್ಯಾಂಕ್ ಲಾಕರಿನಲ್ಲಿತ್ತು. ಕೊನೆಯ ಸಾಮ್ರಾಜ್ಞಿ ಝೀಟಾ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅದನ್ನು ಒಯ್ದು, ಗಂಡ ತೀರಿ ನೂರು ವರ್ಷ ಕಳೆಯುವವರೆಗೆ ಯಾರಿಗೂ ಹೇಳಬಾರದೆಂದು ಮಕ್ಕಳಿಗೆ ತಾಕೀತು ಮಾಡಿದ್ದಳು. ಮಕ್ಕಳು, ಮೊಮ್ಮಕ್ಕಳು ಮಾತು ಉಳಿಸಿಕೊಂಡರು. ಅದನ್ನು ಕತ್ತರಿಸಿ ಮಾರಿರಬೇಕೆಂದು ಬರೆದ ಪುಸ್ತಕಗಳೆಲ್ಲ ಸುಳ್ಳಾದವು. ಒಡೆಯದೆ ಉಳಿಸಿದ್ದಕ್ಕೆ ಆ ಮನೆಯವರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ನಾಲ್ಕು ತಲೆಮಾರು ಯಾರ ಕಣ್ಣಿಗೂ ಬೀಳದ ವಜ್ರ ಇದ್ದೂ ಇಲ್ಲದಂತೆಯೇ. ಅದನ್ನು ಕೆನಡಾದಲ್ಲಿ ಸಾರ್ವಜನಿಕರಿಗೆ ತೋರಿಸುವ ಇರಾದೆ ಕುಟುಂಬಕ್ಕಿದೆಯೆಂಬ ಸುದ್ದಿ ಅದಕ್ಕೇ ಸಂತೋಷದ್ದು.

ಲೂವ್ರ್ ಕೂಡ ಕಳವಿನ ನಂತರ ಉಳಿದ ಅಮೂಲ್ಯ ಒಡವೆಗಳಲ್ಲಿ ಕೆಲವನ್ನು ಬ್ಯಾಂಕ್ ಆಫ್ ಫ್ರಾನ್ಸಿನ ನೆಲಮಾಳಿಗೆಗೆ ಸಾಗಿಸಿತು. ಆ ಗಳಿಗೆಗೆ ಅದು ಸರಿಯಾದ ನಿರ್ಧಾರ. ಅಲ್ಲಿಯೇ ಇಟ್ಟುಬಿಡುವುದು ಸರಿಯಲ್ಲ. ಕಾವಲು ಬಿಗಿಯಾಗಲಿ, ಕಿಟಕಿಗಳಿಗೆ ಕಬ್ಬಿಣ ಬೀಳಲಿ, ಪೆಟ್ಟಿಗೆಗಳು ಇನ್ನಷ್ಟು ಗಟ್ಟಿಯಾಗಲಿ. ಅವು ಮಾತ್ರ ಜನರ ಕಣ್ಣೆದುರಿಗೆ ಮರಳಬೇಕು. 1887ರಲ್ಲಿ ಕಿತ್ತುಕೊಂಡದ್ದನ್ನು ಜನರಿಗೆ ಮತ್ತೊಮ್ಮೆ, ಈ ಬಾರಿ ಭದ್ರತೆಯ ಹೆಸರಿನಲ್ಲಿ, ತಪ್ಪಿಸಬಾರದು.

2025ರ ಕಳ್ಳರು ಓಡುವ ಗಡಿಬಿಡಿಯಲ್ಲಿ, ಆ ಎಂಟರ ಜೊತೆ ಎತ್ತಿಕೊಂಡಿದ್ದ ಯೂಜೆನಿಯ ಕಿರೀಟವನ್ನು ಕೆಳಗೆ ಬೀಳಿಸಿದ್ದರು. ಚಿನ್ನದ ಹದ್ದುಗಳು, 1,354 ವಜ್ರಗಳು, 56 ಪಚ್ಚೆಗಳನ್ನು ಕೂರಿಸಿ ಮಾಡಿದ್ದ 1855ರ ಆ ಕಿರೀಟ ಸಂಗ್ರಹಾಲಯದ ಗೋಡೆಯ ಬುಡದಲ್ಲಿ ನಜ್ಜುಗುಜ್ಜಾಗಿ ಸಿಕ್ಕಿತು. ಅದನ್ನು ದುರಸ್ತಿ ಮಾಡುವ ಅಕ್ಕಸಾಲಿಗರಿಗೆ ಇರುವ ಕೆಲಸ ಬಾಗಿದ ಲೋಹವನ್ನು ನೇರ್ಪಡಿಸುವುದು. ಹೊಸದೇನನ್ನೂ ಸೇರಿಸದೆ, ಇದ್ದುದನ್ನು ಇದ್ದಲ್ಲಿ ಕೂರಿಸುವುದು. ಫಿರೋಜಾ ತುಂಬಿದವರು ಮಾಡದೇ ಹೋದದ್ದು ಅದನ್ನೇ.

ಅದು ಗ್ಯಾಲರಿಗೆ ಮರಳುವ ದಿನ ಪಕ್ಕದಲ್ಲಿ ಮರಿ-ಲೂಯಿಸ್‌ಳ ಹಾರದ ಜಾಗ ಖಾಲಿಯಿದ್ದರೆ ಖಾಲಿಯಾಗಿಯೇ ಇರಲಿ; ನಕಲನ್ನಿಟ್ಟು ಮುಚ್ಚಬಾರದು. ಹಾರದ ಒಂದು ಚಿತ್ರ, ಅದರ ಜೊತೆಗೆ ಹುಟ್ಟಿದ ಅರೆಕಿರೀಟ ವಾಷಿಂಗ್ಟನ್ನಿನಲ್ಲಿ ಹೇಗಿದೆ ಎಂಬುದರ ಇನ್ನೊಂದು ಚಿತ್ರ, ಎರಡೂ ಅಲ್ಲಿರಲಿ. ಮತ್ತು ರೀಜೆಂಟ್ ವಜ್ರದ ಕೆಳಗಿನ ಫಲಕದಲ್ಲಿ ರಾಜರು, ರಾಣಿಯರು, ಸಾಮ್ರಾಟನ ಹೆಸರುಗಳಿಗಿಂತ ಮೇಲೆ, ಮೊದಲ ಸಾಲಿನಲ್ಲೇ, ಕೃಷ್ಣಾ ನದಿಯ ಕೊಲ್ಲೂರಿನ ಹೆಸರಿರಲಿ. ಅದರ ಪಕ್ಕದಲ್ಲಿ ಎರಡು ಅಂಕಿಗಳು: ಆ ಕಾಲದ ಗಣಿ ಆಳಿಗೆ ವರ್ಷಕ್ಕೆ 3 ವರಹ, ಮದರಾಸಿನಲ್ಲಿ ಈ ಕಲ್ಲಿಗೆ 48,000 ವರಹ.